ಓದಿ ಮುಗಿಸಿದ ಪುಸ್ತಕದ ಬಗ್ಗೆ ಬರೆದಿಟ್ಟುಕೊಳ್ಳುವುದು ಹೇಗೆ: ಕೆಲವು ಕ್ರಮಗಳ ಹೋಲಿಕೆ

ಪುಸ್ತಕವೊಂದನ್ನು ಮುಗಿಸಿದ ಮೇಲೆ ಅದರ ಬಗ್ಗೆ ತನಗಾಗಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಬೇಕೆಂಬ ಆಸೆ ಓದುವ ಹವ್ಯಾಸವಿರುವ ಬಹಳ ಮಂದಿಗೆ ಇರುತ್ತದೆ. ಆದರೆ ಎಲ್ಲಿ ಬರೆಯಬೇಕು, ಎಷ್ಟು ಬರೆಯಬೇಕು ಎಂಬುದು ನಿಶ್ಚಯವಾಗದೆ, ಹೊಸ ನೋಟ್‌ಬುಕ್ಕಿನ ಮೊದಲ ಕೆಲವು ಹಾಳೆಗಳಲ್ಲೇ ಆ ಉತ್ಸಾಹ ಮುಗಿದುಹೋಗುತ್ತದೆ. ಈ ವಿಷಯದಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಸಾಧನಗಳನ್ನು ಕುರಿತವು. ನೋಟ್‌ಬುಕ್ಕೋ ಮೊಬೈಲೋ, ಕಾರ್ಡೋ ಆ್ಯಪೋ ಎಂಬ ಚರ್ಚೆಯಲ್ಲೇ ಅವು ಸುತ್ತುತ್ತಿರುತ್ತವೆ. ನನ್ನ ಅಭಿಪ್ರಾಯದಲ್ಲಿ, ಯಾವುದರಲ್ಲಿ ಬರೆಯುತ್ತೇವೆ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಬರೆಯುತ್ತೇವೆ ಎಂಬುದು ಹೆಚ್ಚು ನಿರ್ಣಾಯಕ. ಓದುತ್ತಿರುವಾಗಲೇ ಗೀಚಿದ ಮಾತು, ಕೊನೆಯ ಪುಟ ಮಗುಚಿದ ಕೂಡಲೇ ಬರೆದ ಮಾತು, ವಾರ ಕಳೆದು ಪುಸ್ತಕ ತೆರೆಯದೆಯೇ ಬರೆದ ಮಾತು, ಇವು ಒಬ್ಬನೇ ಓದುಗನವಾದರೂ ಹಿಡಿದಿಡುವ ಸಂಗತಿಗಳು ಬೇರೆ ಬೇರೆ. ಹೀಗಾಗಿ ಇಲ್ಲಿ ನಾನು ಹೋಲಿಸಿರುವ ಕ್ರಮಗಳನ್ನು ಆ ದೃಷ್ಟಿಯಿಂದಲೇ ನೋಡಿದ್ದೇನೆ.

ಅಂಚಿನಲ್ಲಿ ಬರೆಯುವುದು

ಓದುತ್ತ ಓದುತ್ತಲೇ ಪುಟದ ಅಂಚಿನಲ್ಲಿ ಬರೆಯುವುದು ಎಲ್ಲಕ್ಕಿಂತ ಸಹಜವಾದ ಕ್ರಮ. ಇದಕ್ಕೆ ಬೇರೆ ಪುಸ್ತಕ ಬೇಡ, ಎದ್ದು ಹೋಗುವುದು ಬೇಡ, ಮಾತನ್ನು ಓರಣಗೊಳಿಸುವ ತಾಪತ್ರಯವೂ ಇಲ್ಲ. ಇಂಗ್ಲಿಷ್ ಕವಿ ಕೋಲ್‌ರಿಜ್ ಈ ವಿಷಯದಲ್ಲಿ ಎಷ್ಟು ಹೆಸರಾಗಿದ್ದನೆಂದರೆ, ಅವನಿಗೆ ಪುಸ್ತಕವನ್ನು ಎರವಲು ಕೊಟ್ಟರೆ ಟಿಪ್ಪಣಿಗಳಿಂದ ತುಂಬಿ, ಮೂರು ಪಟ್ಟು ಬೆಲೆ ಹೆಚ್ಚಿಸಿಕೊಂಡು, ಬಡ್ಡಿ ಸಮೇತ ಹಿಂದಿರುಗುತ್ತದೆ ಎಂದು ಅವನ ಗೆಳೆಯ ಚಾರ್ಲ್ಸ್ ಲ್ಯಾಂಬ್ ಬರೆದಿದ್ದಾನೆ. ಗಣಿತಜ್ಞ ಫರ್ಮಾ ಸುಮಾರು 1637ರಲ್ಲಿ ಗ್ರೀಕ್ ಗಣಿತಜ್ಞ ಡಯೋಫಾಂಟಸನ ಗ್ರಂಥದ ಅಂಚಿನಲ್ಲಿ ಪ್ರಮೇಯವೊಂದನ್ನು ಬರೆದು, ತನ್ನ ಬಳಿ ಅದರ ಸೊಗಸಾದ ಸಾಧನೆ (ರುಜುವಾತು) ಇದೆಯಾದರೂ ಬರೆಯಲು ಈ ಅಂಚು ಸಾಲದೆಂದು ಟಿಪ್ಪಣಿ ಮಾಡಿದ. ಅವನ ಮಗ 1670ರಲ್ಲಿ ಅದನ್ನು ಅಚ್ಚು ಹಾಕಿಸಿದ ಮೇಲೆ ಶತಮಾನಗಳ ಕಾಲ ಗಣಿತಜ್ಞರು ಅದರ ಬೆನ್ನು ಹತ್ತಿದರು. ಪೂರ್ಣ ಸಾಧನೆ ಪ್ರಕಟವಾದದ್ದು 1995ರಲ್ಲಿ, ಆ್ಯಂಡ್ರೂ ವೈಲ್ಸ್ ಅವರಿಂದ. ಅಂಚಿನ ಬರಹದ ಗುಣವೂ ಮಿತಿಯೂ ಈ ಒಂದೇ ಪ್ರಸಂಗದಲ್ಲಿ ಇದೆ. ಹೊಳೆದ ಕ್ಷಣವನ್ನು ಅದು ಹಿಡಿಯುತ್ತದೆ, ಹೊಳೆದದ್ದನ್ನು ಬಿಡಿಸಿ ಹೇಳಲು ಜಾಗ ಕೊಡುವುದಿಲ್ಲ.

ಇದು ಯಾವ ಪುಸ್ತಕಕ್ಕೆ ಹೊಂದುತ್ತದೆ? ವಾದವನ್ನು ಮುಂದಿಡುವ ಪುಸ್ತಕಗಳಿಗೆ. ಲೇಖಕ ಒಂದು ಮಾತು ಹೇಳಿದಾಗ ‘ಇದಕ್ಕೆ ಆಧಾರವೇನು?’ ಎಂದೋ, ‘ಮೂರನೆಯ ಅಧ್ಯಾಯದಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿದ್ದರಲ್ಲ’ ಎಂದೋ ಅಲ್ಲೇ ಬರೆದಿಟ್ಟರೆ ಆ ಪ್ರಶ್ನೆ ಕಳೆದುಹೋಗುವುದಿಲ್ಲ. ಕಾದಂಬರಿಯ ಅಂಚಿನಲ್ಲಿ ನಾವು ಬರೆಯುವುದು ಹೆಚ್ಚಾಗಿ ಮುಂದೇನಾಗಬಹುದೆಂಬ ಊಹೆ ಅಥವಾ ಮೆಚ್ಚುಗೆಯ ಉದ್ಗಾರ. ವರ್ಷಗಳ ನಂತರ ಅದನ್ನು ನೋಡಿದಾಗ ಹೆಚ್ಚೇನೂ ದಕ್ಕುವುದಿಲ್ಲ. ಬರಿಯ ಅಡಿಗೆರೆಯಂತೂ ಇನ್ನೂ ಬಡವಾದದ್ದು. ಮನೋವಿಜ್ಞಾನಿ ಜಾನ್ ಡನ್‌ಲಾಸ್ಕಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಹತ್ತು ಬಗೆಯ ಕಲಿಕೆಯ ಅಭ್ಯಾಸಗಳನ್ನು ಪರಿಶೀಲಿಸಿದಾಗ, ಅಡಿಗೆರೆ ಎಳೆಯುವುದು ಮತ್ತು ಬಣ್ಣ ಬಳಿಯುವುದು ಕಡಿಮೆ ಉಪಯೋಗದ ಗುಂಪಿಗೆ ಸೇರಿದವು. ಗೆರೆಯೆಳೆದ ಕೈಗೆ ಕೆಲಸ ಮಾಡಿದ ಸಮಾಧಾನ ಸಿಗುತ್ತದೆ; ಆ ಗೆರೆ ಯಾಕೆ ಬಿತ್ತು ಎಂಬುದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಗೆರೆಯ ಪಕ್ಕದಲ್ಲಿ ಎರಡೇ ಪದ ಬರೆದರೂ ಸ್ಥಿತಿ ಬದಲಾಗುತ್ತದೆ.

ಪುಸ್ತಕ ನಿಮ್ಮದಲ್ಲದಿದ್ದರೆ ಈ ಕ್ರಮದ ಮಾತೇ ಬೇಡ. ಕೋಲ್‌ರಿಜ್‌ನಿಗೆ ಸಿಕ್ಕ ವಿನಾಯಿತಿ ಗ್ರಂಥಾಲಯದ ಸದಸ್ಯರಿಗೆ ಸಿಗುವುದಿಲ್ಲ.

ಸಾಲುಗಳನ್ನು ಎತ್ತಿ ಬರೆದಿಡುವುದು

ಎರಡನೆಯ ಕ್ರಮ ಬಹಳ ಹಳೆಯದು, ಬಹಳ ಗೌರವ ಗಳಿಸಿದ್ದು. ಪ್ರಾಚೀನ ರೋಮಿನ ಲೇಖಕ ಹಿರಿಯ ಪ್ಲಿನಿ ಟಿಪ್ಪಣಿ ಎತ್ತಿಕೊಳ್ಳದೆ ಯಾವ ಪುಸ್ತಕವನ್ನೂ ಓದುತ್ತಿರಲಿಲ್ಲವೆಂದೂ, ಎರಡೂ ಬದಿಗೆ ಸಣ್ಣ ಅಕ್ಷರದಲ್ಲಿ ಬರೆದ 160 ಸುರುಳಿಗಳನ್ನು ತನಗೆ ಬಿಟ್ಟುಹೋದನೆಂದೂ ಅವನ ಸೋದರಳಿಯ ಪತ್ರವೊಂದರಲ್ಲಿ ಹೇಳಿದ್ದಾನೆ. ಎಷ್ಟೇ ಕೆಟ್ಟ ಪುಸ್ತಕವಾದರೂ ಯಾವುದಾದರೂ ಭಾಗದಿಂದ ಉಪಯೋಗ ಇದ್ದೇ ಇರುತ್ತದೆ ಎಂಬುದು ಪ್ಲಿನಿಯ ನಿಲುವಾಗಿತ್ತಂತೆ. ಅಷ್ಟು ಔದಾರ್ಯ ನನಗಿಲ್ಲ.

ಎತ್ತಿ ಬರೆದದ್ದನ್ನು ಮತ್ತೆ ಹುಡುಕುವುದು ಹೇಗೆಂಬುದೇ ಈ ಕ್ರಮದ ನಿಜವಾದ ಸಮಸ್ಯೆ. ತತ್ತ್ವಜ್ಞಾನಿ ಜಾನ್ ಲಾಕ್ ಇದಕ್ಕೊಂದು ಪರಿಹಾರ ಕಂಡುಕೊಂಡು 1686ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ. ನೋಟ್‌ಬುಕ್ಕಿನ ಆರಂಭದಲ್ಲಿ ಎರಡು ಪುಟದ ಸೂಚಿಯನ್ನು ಹಾಕಿಕೊಳ್ಳಬೇಕು. ಪ್ರತಿ ಅಕ್ಷರದ ಎದುರಿಗೆ ಐದು ಸ್ವರಗಳ ಐದು ಖಾನೆಗಳು. ಪ್ರತಿ ಟಿಪ್ಪಣಿಗೂ ಒಂದು ತಲೆಬರಹ ಕೊಟ್ಟು, ಆ ತಲೆಬರಹದ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರದ ಖಾನೆಯಲ್ಲಿ ಪುಟಸಂಖ್ಯೆಯನ್ನು ನಮೂದಿಸಬೇಕು. ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಸುಲಭ, ಏಕೆಂದರೆ ನಮ್ಮ ಅಕ್ಷರದಲ್ಲೇ ವ್ಯಂಜನವೂ ಸ್ವರವೂ ಕೂಡಿಕೊಂಡಿವೆ. ‘ಮುಪ್ಪು’ ಎಂಬ ತಲೆಬರಹದ ಟಿಪ್ಪಣಿ ಮಕಾರದ ಸಾಲಿನಲ್ಲಿ ಉಕಾರದ ಖಾನೆಗೆ ಹೋಗುತ್ತದೆ. ‘ಮೌನ’ ಅದೇ ಸಾಲಿನಲ್ಲಿ ಔಕಾರಕ್ಕೆ. ಹ್ರಸ್ವ ದೀರ್ಘಗಳನ್ನು ಒಂದೇ ಖಾನೆಗೆ ಸೇರಿಸಿಕೊಂಡರೆ ಪಟ್ಟಿ ಎರಡು ಪುಟಗಳೊಳಗೆ ಮುಗಿಯುತ್ತದೆ. ತಲೆಬರಹ ಹುಡುಕುವ ಕೆಲಸವೇ ಅರ್ಧ ವಿಮರ್ಶೆ ಎಂಬುದು ಈ ಪದ್ಧತಿಯ ಒಳಲಾಭ. ಒಂದು ವಾಕ್ಯವನ್ನು ‘ಮುಪ್ಪು’ ಎಂಬ ಹೆಸರಿನಡಿ ಇಡಬೇಕೋ ‘ಮೌನ’ ಎಂಬ ಹೆಸರಿನಡಿ ಇಡಬೇಕೋ ಎಂದು ಯೋಚಿಸುವಾಗ ಆ ವಾಕ್ಯ ಏನು ಹೇಳುತ್ತಿದೆ ಎಂಬುದನ್ನು ನಾವು ನಿರ್ಧರಿಸಲೇಬೇಕಾಗುತ್ತದೆ.

ಆದರೂ ಓದಿನ ಅನಿಸಿಕೆಯನ್ನು ಉಳಿಸಿಕೊಳ್ಳಲು ಇದೊಂದನ್ನೇ ನೆಚ್ಚಿಕೊಳ್ಳುವವರಿಗೆ ಎಚ್ಚರಿಕೆ ಹೇಳಬೇಕಾಗಿದೆ. ಸುಂದರವಾದ ಸಾಲುಗಳ ಸಂಗ್ರಹ ನೋಡಲು ತುಂಬಿಕೊಂಡಂತೆ ಕಾಣುತ್ತದೆ, ಅದರಲ್ಲಿ ಓದುಗ ಮಾತ್ರ ಇರುವುದಿಲ್ಲ. ಒಂದು ಕಾದಂಬರಿಯಿಂದ ಆಯ್ದ ಹತ್ತು ಸಾಲುಗಳನ್ನು ಕೆಲವು ವರ್ಷಗಳ ನಂತರ ಓದಿದರೆ ಲೇಖಕರ ಜಾಣ್ಮೆ ಮತ್ತೆ ಕಾಣುತ್ತದೆಯೇ ಹೊರತು, ಆ ಪುಸ್ತಕ ನಮಗೆ ಹಿಡಿಸಿತ್ತೇ, ಎಲ್ಲಿ ಬೇಸರ ತಂದಿತ್ತು, ಕೊನೆ ಒಪ್ಪಿಗೆಯಾಯಿತೇ ಎಂಬುದು ಒಂದೂ ತಿಳಿಯುವುದಿಲ್ಲ. ಕವಿತೆಗೆ ಮಾತ್ರ ಈ ಕ್ರಮವೇ ಶ್ರೇಷ್ಠ. ಕವಿತೆಯನ್ನು ಸಂಗ್ರಹಿಸಿ ಹೇಳಲು ಹೋದರೆ ಏನೂ ಉಳಿಯುವುದಿಲ್ಲ. ಕೈಯಾರೆ ಪೂರ್ತಿ ನಕಲು ಮಾಡಿದಾಗ ಸಾಲು ಎಲ್ಲಿ ಮುರಿಯುತ್ತದೆ, ಯಾವ ಪದ ಮರಳಿ ಬರುತ್ತದೆ ಎಂಬುದು ಗಮನಕ್ಕೆ ಬರುತ್ತದೆ.

ಕೊನೆಯ ಪುಟದ ತೀರ್ಪು

ಹದಿನಾರನೆಯ ಶತಮಾನದ ಫ್ರೆಂಚ್ ಪ್ರಬಂಧಕಾರ ಮೊಂಟೇನ್‌ಗೆ ತನ್ನ ನೆನಪಿನ ಮೇಲೆ ಸ್ವಲ್ಪವೂ ವಿಶ್ವಾಸವಿರಲಿಲ್ಲ. ವರ್ಷಗಳ ಹಿಂದೆ ಎಚ್ಚರದಿಂದ ಓದಿ, ಟಿಪ್ಪಣಿಗಳಿಂದ ತುಂಬಿಸಿದ್ದ ಪುಸ್ತಕವನ್ನೇ ಹೊಸದೆಂದು ಭಾವಿಸಿ ಕೈಗೆತ್ತಿಕೊಂಡ ಅನುಭವ ಅವನಿಗೆ ಒಂದಕ್ಕಿಂತ ಹೆಚ್ಚು ಸಲ ಆಗಿತ್ತು. ಆದ್ದರಿಂದ, ಒಂದೇ ಸಲ ಓದುವ ಪುಸ್ತಕಗಳ ಕೊನೆಯಲ್ಲಿ ಓದಿ ಮುಗಿಸಿದ ದಿನಾಂಕವನ್ನೂ ಒಟ್ಟಾರೆ ತನಗೆ ಬಂದ ಅಭಿಪ್ರಾಯವನ್ನೂ ಬರೆದಿಡುವ ರೂಢಿ ಮಾಡಿಕೊಂಡ. ಪುಸ್ತಕಗಳನ್ನು ಕುರಿತ ತನ್ನ ಪ್ರಬಂಧದಲ್ಲಿ ಅಂಥ ಮೂರು ಟಿಪ್ಪಣಿಗಳನ್ನು ಅವನೇ ಉದ್ಧರಿಸಿದ್ದಾನೆ. ಅದರಲ್ಲೊಂದು, ಇತಿಹಾಸಕಾರ ಗ್ವಿಚಾರ್ದೀನಿಯ ಬಗ್ಗೆ ಹತ್ತು ವರ್ಷ ಹಿಂದೆ ಬರೆದದ್ದು. ಆ ಇತಿಹಾಸಕಾರ ಅಷ್ಟೊಂದು ಜನರ ಅಷ್ಟೊಂದು ಕೃತ್ಯಗಳನ್ನು ವಿವರಿಸುವಾಗ ಒಂದನ್ನೂ ಧರ್ಮಬುದ್ಧಿಗಾಗಲಿ ಆತ್ಮಸಾಕ್ಷಿಗಾಗಲಿ ಹಚ್ಚಿ ಹೇಳುವುದಿಲ್ಲ, ಎಲ್ಲದರ ಹಿಂದೆಯೂ ಲಾಭವನ್ನೋ ದುರುದ್ದೇಶವನ್ನೋ ಕಾಣುತ್ತಾನೆ ಎಂಬುದು ಅವನ ಆಕ್ಷೇಪ. ಒಂದು ದೊಡ್ಡ ಗ್ರಂಥದ ಬಗ್ಗೆ ಇಷ್ಟು ಖಚಿತವಾದ ಒಂದೇ ಒಂದು ಮಾತು ಸಿಕ್ಕರೆ ಸಾಕು.

ಬಿಡುವಿಲ್ಲದವರಿಗೆ, ಹೊಸದಾಗಿ ಶುರುಮಾಡುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ದಿನಾಂಕ, ನಾಲ್ಕೈದು ವಾಕ್ಯ, ಅಷ್ಟೆ. ಎರವಲು ಪುಸ್ತಕವಾದರೆ ಅದೇ ನಾಲ್ಕು ವಾಕ್ಯಗಳು ನೋಟ್‌ಬುಕ್ಕಿಗೆ ಹೋಗಲಿ. ಆದರೆ ಆ ವಾಕ್ಯಗಳು ಎಂಥವು ಎಂಬುದರಲ್ಲಿ ಎಲ್ಲವೂ ಇದೆ. ‘ಕಥೆ ಚೆನ್ನಾಗಿದೆ. ಪಾತ್ರಗಳು ಜೀವಂತವಾಗಿವೆ. ಭಾಷೆ ಸರಳ ಮತ್ತು ಸುಂದರ. ಎಲ್ಲರೂ ಓದಬೇಕಾದ ಕೃತಿ’ ಎಂಬ ಟಿಪ್ಪಣಿಯನ್ನು ಯಾವ ಪುಸ್ತಕದ ಕೊನೆಗೆ ಬೇಕಾದರೂ ಅಂಟಿಸಬಹುದು. ಅದರ ಬದಲಿಗೆ ಹೀಗೆ ಬರೆದಿದ್ದರೆ: ‘ತಂದೆ ತೀರಿಕೊಂಡ ಸುದ್ದಿ ಬಂದಮೇಲೂ ಮಗಳು ಲೆಕ್ಕದ ಪುಸ್ತಕ ಮುಚ್ಚದೆ ಕೂಡಿಸುವುದನ್ನು ಪೂರೈಸಿ ಏಳುತ್ತಾಳೆ. ಓದುವಾಗ ಇದು ನಂಬುವಂತಿಲ್ಲ ಎನಿಸಿತು. ಕೊನೆಯ ಅಧ್ಯಾಯದಲ್ಲಿ ಅವಳು ಅಳುವಾಗ ಮಾತ್ರ ಲೇಖಕರು ನಮ್ಮನ್ನು ಒಲಿಸಿಕೊಳ್ಳಲು ಯತ್ನಿಸುತ್ತಿದ್ದಾರೆ ಅನ್ನಿಸಿತು. ಲೆಕ್ಕ ಮಾಡುವ ಮಗಳೇ ನಿಜ.’ ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಪೂರ್ತಿ ಇಲ್ಲ. ಆದರೆ ಹತ್ತು ವರ್ಷ ಕಳೆದು ಓದಿದರೂ ಪುಸ್ತಕದ ಒಂದು ದೃಶ್ಯವೂ, ಅದನ್ನು ಓದಿದ ಒಬ್ಬ ಮನುಷ್ಯನೂ ಎದ್ದು ಕಾಣುತ್ತಾರೆ. ಒಂದು ನಿರ್ದಿಷ್ಟ ಸನ್ನಿವೇಶ, ಅದಕ್ಕೆ ಆಗ ಹುಟ್ಟಿದ ಪ್ರತಿಕ್ರಿಯೆ, ನಂತರ ಆ ಪ್ರತಿಕ್ರಿಯೆ ಬದಲಾಗಿದ್ದರೆ ಅದು ಹೇಗೆ ಬದಲಾಯಿತು ಎಂಬುದು. ಈ ಕ್ರಮಕ್ಕೆ ಬೇಕಾದದ್ದು ಇಷ್ಟೇ.

ಇದರ ದೌರ್ಬಲ್ಯ ಕೊನೆಯ ಅಧ್ಯಾಯದ ಪ್ರಭಾವ. ಪುಸ್ತಕ ಮುಚ್ಚಿದ ಕೂಡಲೇ ಬರೆಯುವವನ ಮೇಲೆ ಮುಕ್ತಾಯದ ನೆರಳು ದಟ್ಟವಾಗಿ ಬಿದ್ದಿರುತ್ತದೆ. ಮುನ್ನೂರು ಪುಟ ನೀರಸವಾಗಿದ್ದು ಕೊನೆಯ ಇಪ್ಪತ್ತು ಪುಟ ಬೆರಗು ಹುಟ್ಟಿಸಿದ್ದರೆ ಆ ಮುನ್ನೂರಕ್ಕೂ ಮನ್ನಣೆ ಸಿಕ್ಕಿಬಿಡುತ್ತದೆ. ಮುಂದಿನ ಕ್ರಮ ಇದಕ್ಕೆ ಮದ್ದು.

ಪುಸ್ತಕ ತೆರೆಯದೆ, ನೆನಪಿನಿಂದ ಬರೆಯುವುದು

ಓದಿ ಐದಾರು ದಿನ ಕಳೆದ ಮೇಲೆ, ಪುಸ್ತಕವನ್ನು ಮುಟ್ಟದೆ, ನೆನಪಿನಲ್ಲಿ ಉಳಿದಿರುವುದನ್ನು ಮಾತ್ರ ಒಂದು ಪುಟ ಬರೆಯುವುದು ಈ ಕ್ರಮ. ಕೇಳಲು ಕಷ್ಟ, ಮಾಡಲು ಇನ್ನೂ ಕಷ್ಟ. ನಾನು ಹೋಲಿಸಿದವುಗಳಲ್ಲಿ ಅತಿ ಹೆಚ್ಚು ಫಲ ಕೊಡುವುದೂ ಇದೇ ಎಂಬುದು ನನ್ನ ತೀರ್ಮಾನ.

ಇದಕ್ಕೆ ಪ್ರಯೋಗಗಳ ಬೆಂಬಲವೂ ಇದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಓದಲು ಕೊಟ್ಟರು. ಅನಂತರ ಕೆಲವು ಭಾಗಗಳನ್ನು ಮತ್ತೊಮ್ಮೆ ಓದಲು ಹೇಳಿ, ಇನ್ನು ಕೆಲವನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ನಂತರ ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ. 42ರಷ್ಟು, ನೆನಪಿನಿಂದ ಬರೆದಿದ್ದರಲ್ಲಿ ಶೇ. 56ರಷ್ಟು. ನೆನಪಿನಿಂದ ಎತ್ತಿ ತೆಗೆಯುವ ಶ್ರಮವೇ ನೆನಪನ್ನು ಗಟ್ಟಿಮಾಡುತ್ತದೆ ಎಂಬುದು ಇದರ ತಾತ್ಪರ್ಯ. ಮೇಲೆ ಹೇಳಿದ 2013ರ ಪರಿಶೀಲನೆಯಲ್ಲೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅಭ್ಯಾಸಕ್ಕೆ ಹೆಚ್ಚಿನ ಉಪಯೋಗದ ಗುಂಪಿನಲ್ಲಿ ಸ್ಥಾನ ಸಿಕ್ಕಿದೆ.

ನೆನಪಿನಲ್ಲಿ ಉಳಿಯುವುದೊಂದೇ ಉದ್ದೇಶವಾಗಿದ್ದರೆ ಇಷ್ಟು ಸಾಕು. ಆದರೆ ಅನಿಸಿಕೆಯ ದೃಷ್ಟಿಯಿಂದ ಇದರ ಬೆಲೆ ಇನ್ನೊಂದು ಕಡೆ ಇದೆ. ನೆನಪು ತಪ್ಪುತ್ತದೆ, ಮತ್ತು ತನ್ನದೇ ರೀತಿಯಲ್ಲಿ ತಪ್ಪುತ್ತದೆ. ಕೇಂಬ್ರಿಡ್ಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ ಅವರು ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ಸಮಯ ಕಳೆದಂತೆ ಮತ್ತೆ ಮತ್ತೆ ನೆನಪಿನಿಂದ ಹೇಳಿಸಿ, ಅದರ ಫಲಿತಾಂಶಗಳನ್ನು 1932ರಲ್ಲಿ ಪ್ರಕಟಿಸಿದರು. ಕಥೆ ಪ್ರತಿ ಸಲವೂ ಚಿಕ್ಕದಾಗುತ್ತ, ವಿಚಿತ್ರವೆನಿಸಿದ ಭಾಗಗಳು ಉದುರುತ್ತ, ಉಳಿದದ್ದು ಹೇಳುವವರ ಪರಿಚಿತ ಲೋಕಕ್ಕೆ ಹೊಂದಿಕೊಳ್ಳುತ್ತ ಹೋಯಿತು. ಕಿರುದೋಣಿಗಳು ಸಾಧಾರಣ ದೋಣಿಗಳಾದವು. ಪುಸ್ತಕದ ಬಗ್ಗೆ ನೆನಪಿನಿಂದ ಬರೆಯುವಾಗ ನಾವೂ ಇದನ್ನೇ ಮಾಡುತ್ತೇವೆ. ಆದ್ದರಿಂದ ಆ ಒಂದು ಪುಟವನ್ನು ಬರೆದು ಮುಗಿಸಿದ ಮೇಲೆ ಪುಸ್ತಕ ತೆರೆದು ಹೋಲಿಸಿ ನೋಡಬೇಕು. ಈ ಎರಡನೆಯ ಹೆಜ್ಜೆಯನ್ನು ಬಿಟ್ಟವರಿಗೆ ಕ್ರಮದ ಅರ್ಧ ಲಾಭವೂ ಸಿಗುವುದಿಲ್ಲ. ಅಣ್ಣ ತಮ್ಮನ ಜಗಳದಲ್ಲಿ ಅಣ್ಣನೇ ಮೊದಲು ಕೈಮಾಡಿದನೆಂದು ಬರೆದಿದ್ದು, ಪುಸ್ತಕದಲ್ಲಿ ತಮ್ಮ ಮೊದಲು ಕೈಮಾಡಿದ್ದಾನೆ ಎಂದಿಟ್ಟುಕೊಳ್ಳೋಣ. ಈ ವ್ಯತ್ಯಾಸವನ್ನು ತಿದ್ದಿ ಅಳಿಸಿಹಾಕಬಾರದು, ಪಕ್ಕದಲ್ಲಿ ಬರೆದಿಡಬೇಕು. ಓದುವಾಗ ನಾವು ಯಾರ ಪಕ್ಷ ವಹಿಸಿದ್ದೆವೆಂಬುದನ್ನು, ನಮಗೇ ಗೊತ್ತಿಲ್ಲದೆ, ಆ ತಪ್ಪು ಹೊರಹಾಕಿರುತ್ತದೆ. ಹಾಗೆಯೇ ಪುಟದಲ್ಲಿ ಒಂದು ಸಾಲೂ ಸಿಗದ ಅಧ್ಯಾಯ ಯಾವುದೆಂದು ನೋಡಬೇಕು; ಅದು ನಿಜವಾಗಿಯೂ ಸಪ್ಪೆಯೋ ಅಥವಾ ನಾವು ಅರೆನಿದ್ದೆಯಲ್ಲಿ ಓದಿದ್ದೋ ಎಂಬುದು ಮರು ಓದಿನಿಂದ ಮಾತ್ರ ಗೊತ್ತಾಗುತ್ತದೆ.

ಕಾದಂಬರಿ, ಆತ್ಮಕಥೆ, ಪ್ರವಾಸಕಥನ, ಇತಿಹಾಸ ಇವಕ್ಕೆ ಈ ಕ್ರಮ ಬಹಳ ಚೆನ್ನಾಗಿ ಒಗ್ಗುತ್ತದೆ. ಪ್ರಮೇಯಗಳ, ಅಂಕಿಗಳ ಪುಸ್ತಕಕ್ಕೆ ಒಗ್ಗುವುದು ಕಡಿಮೆ, ಅಲ್ಲಿ ನೆನಪಿನ ತಪ್ಪಿಗೆ ಅಂಥ ಅರ್ಥವೇನೂ ಇರುವುದಿಲ್ಲ. ಒಂದಾದ ಮೇಲೊಂದು ಪುಸ್ತಕವನ್ನು ಬಿಡುವಿಲ್ಲದೆ ಓದುವವರಿಗೆ ಐದಾರು ದಿನದ ಅಂತರದಲ್ಲಿ ಇನ್ನೊಂದು ಪುಸ್ತಕ ನಡುವೆ ಬಂದು ಎರಡೂ ಬೆರೆತುಹೋಗುವ ತೊಂದರೆ ಇದೆ; ಅವರು ಅಂತರವನ್ನು ಎರಡು ದಿನಕ್ಕಿಳಿಸಿಕೊಳ್ಳುವುದು ಮೇಲು.

ಕಾರ್ಡುಗಳು, ಆ್ಯಪುಗಳು, ನಕ್ಷತ್ರಗಳು

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಅವರು ಸುಮಾರು 90,000 ಚೀಟಿಗಳಲ್ಲಿ ಟಿಪ್ಪಣಿ ಬರೆದು, ಒಂದರಿಂದ ಒಂದಕ್ಕೆ ಸಂಖ್ಯೆಗಳ ಮೂಲಕ ಕೊಂಡಿ ಹಾಕಿಟ್ಟಿದ್ದರು. ಅವರ ಅಪಾರ ಬರವಣಿಗೆಗೆ ಅದೇ ಮೂಲ ಸಾಮಗ್ರಿ. ಇಂದು ಈ ಪದ್ಧತಿಗೆ ಬಹಳ ಪ್ರಚಾರವಿದೆ. ಓದಿದ್ದನ್ನು ಆಧರಿಸಿ ಪುಸ್ತಕವನ್ನೋ ಪ್ರಬಂಧವನ್ನೋ ಬರೆಯುವ ಉದ್ದೇಶವಿದ್ದವರು ಇದನ್ನು ಆರಿಸಿಕೊಳ್ಳಲಿ. ಸಂತೋಷಕ್ಕಾಗಿ ಓದುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಚೀಟಿ ಪದ್ಧತಿ ಪುಸ್ತಕವನ್ನು ವಿಚಾರಗಳಾಗಿ ಬಿಡಿಬಿಡಿಯಾಗಿಸುತ್ತದೆ, ಕಾದಂಬರಿಯನ್ನು ಹಾಗೆ ಬಿಡಿಸಿದರೆ ಕೈಯಲ್ಲಿ ಕಾದಂಬರಿ ಉಳಿಯುವುದಿಲ್ಲ.

ಆ್ಯಪುಗಳ ಅನುಕೂಲ ಒಪ್ಪಬೇಕಾದದ್ದೇ. ಯಾವ ಪುಸ್ತಕ, ಯಾವ ಲೇಖಕ, ಎಂದು ಮುಗಿಸಿದ್ದು ಎಂಬ ಪಟ್ಟಿಯಾಗಿ ಅವು ನೋಟ್‌ಬುಕ್ಕಿಗಿಂತ ಮೇಲು, ಹುಡುಕಿದೊಡನೆ ಸಿಗುತ್ತವೆ. ಆದರೆ ನಕ್ಷತ್ರ ಕೊಡುವ ಏರ್ಪಾಡನ್ನು ನಾನು ಅನಿಸಿಕೆಯೆಂದು ಎಣಿಸಲಾರೆ. ಬೇಸರ ತಂದರೂ ಬಿಡದೆ ಕಾಡಿದ ಪುಸ್ತಕಕ್ಕೂ, ಚಕಚಕನೆ ಓದಿಸಿಕೊಂಡು ಮರುದಿನ ಮರೆತುಹೋದ ಪುಸ್ತಕಕ್ಕೂ ಮೂರು ನಕ್ಷತ್ರ ಬೀಳುತ್ತದೆ. ಅಲ್ಲದೆ ಬೇರೆಯವರು ನೋಡುವ ಜಾಗದಲ್ಲಿ ಬರೆಯುವಾಗ ಭಾಷೆ ತಾನಾಗಿಯೇ ಸಭೆಯ ಭಾಷೆಯಾಗುತ್ತದೆ. ಎಲ್ಲರೂ ಮೆಚ್ಚಿದ ಕೃತಿ ತನಗೆ ಹಿಡಿಸಲಿಲ್ಲವೆಂಬುದನ್ನು ಹತ್ತು ಸಲ ಯೋಚಿಸಿ, ಸುತ್ತಿ ಬಳಸಿ ಹೇಳುತ್ತೇವೆ. ಖಾಸಗಿಯಾಗಿ ಮೊದಲು ಬರೆದು, ಆಮೇಲೆ ಹಂಚಿಕೊಳ್ಳಬೇಕೆನಿಸಿದರೆ ಅದರಿಂದ ಆಯ್ದುಕೊಳ್ಳುವ ಕ್ರಮ ಒಳ್ಳೆಯದು.

ಇನ್ನೊಂದು ಮಾತು ಡಿಜಿಟಲ್ ಪುಸ್ತಕದೊಳಗೇ ಟಿಪ್ಪಣಿ ಮಾಡುವವರಿಗೆ. 2009ರಲ್ಲಿ ಅಮೆಜಾನ್ ಸಂಸ್ಥೆ ಹಕ್ಕುಸ್ವಾಮ್ಯದ ತೊಡಕಿನಿಂದಾಗಿ ಜಾರ್ಜ್ ಆರ್ವೆಲ್ ಕೃತಿಗಳ ಕೆಲವು ಪ್ರತಿಗಳನ್ನು ಓದುಗರ ಕಿಂಡಲ್ ಸಾಧನಗಳಿಂದ ದೂರದಿಂದಲೇ ಅಳಿಸಿಹಾಕಿತು. ಪುಸ್ತಕವೇ ಇಲ್ಲವಾದ್ದರಿಂದ ತನ್ನ ಟಿಪ್ಪಣಿಗಳು ನಿರುಪಯುಕ್ತವಾದವೆಂದು ವಿದ್ಯಾರ್ಥಿಯೊಬ್ಬ ದಾವೆ ಹೂಡಿ, ಅದು ರಾಜಿಯಲ್ಲಿ ಮುಗಿಯಿತು. ಸಂಸ್ಥೆ ಕ್ಷಮೆ ಕೇಳಿತಾದರೂ, ಟಿಪ್ಪಣಿಗಳನ್ನು ಆಗಾಗ ಹೊರತೆಗೆದು ತನ್ನದೇ ಕಡತದಲ್ಲಿ ಉಳಿಸಿಕೊಳ್ಳುವುದು ವಿವೇಕದ ಕೆಲಸ. ‘ಎಂಥ ಮಾತು!’ ಎಂಬ ಟಿಪ್ಪಣಿ ಮೂಲ ವಾಕ್ಯವಿಲ್ಲದೆ ಯಾವ ಮಾತಿಗೂ ಸಲ್ಲುವುದಿಲ್ಲ. ಆದ್ದರಿಂದ ಅಲ್ಲಿ ಬರೆಯುವಾಗ ವಾಕ್ಯದ ಸಾರವನ್ನೂ ಸೇರಿಸಿ, ಸ್ವತಂತ್ರವಾಗಿ ನಿಲ್ಲುವಂತೆ ಬರೆಯಬೇಕು.

ಆಯ್ಕೆ ಮಾಡುವಾಗ

ಒಂದೇ ಕ್ರಮವನ್ನು ಎಲ್ಲ ಪುಸ್ತಕಗಳಿಗೂ ಹೇರುವುದು ಬೇಡ. ವಿಚಾರಗ್ರಂಥ ಸ್ವಂತದ್ದಾದರೆ ಅಂಚಿನಲ್ಲಿ ಜಗಳವಾಡುತ್ತ ಓದಿ, ಮುಗಿದ ಮೇಲೆ ಆ ಜಗಳಗಳಲ್ಲಿ ಬಗೆಹರಿಯದೆ ಉಳಿದದ್ದನ್ನು ಮಾತ್ರ ಕೊನೆಯ ಪುಟಕ್ಕೆ ಇಳಿಸಬಹುದು. ಕಥೆ ಕಾದಂಬರಿಗಳಿಗೆ ಮುಗಿಸಿದ ದಿನ ನಾಲ್ಕು ವಾಕ್ಯ, ವಾರದ ನಂತರ ನೆನಪಿನ ಒಂದು ಪುಟ. ಇವೆರಡೂ ಒಂದನ್ನೊಂದು ತಿದ್ದುತ್ತವೆ, ಎರಡಕ್ಕೂ ಬಿಡುವಿಲ್ಲವೆಂದರೆ ನಾನಾದರೆ ಎರಡನೆಯದನ್ನು ಉಳಿಸಿಕೊಳ್ಳುತ್ತೇನೆ. ಕವಿತೆಗೆ ನಕಲು. ಕಥಾಸಂಕಲನ ಒಂದು ವಿಶೇಷ ಸಂದರ್ಭ: ಇಡೀ ಸಂಕಲನ ಮುಗಿಯುವವರೆಗೆ ಕಾಯದೆ ಪ್ರತಿ ಕಥೆಗೂ ಒಂದು ವಾಕ್ಯವನ್ನು ಪರಿವಿಡಿಯ ಪಕ್ಕದಲ್ಲೇ ಬರೆದುಬಿಡಬೇಕು, ಇಲ್ಲವಾದರೆ ಕೊನೆಯ ಎರಡು ಕಥೆಗಳೇ ಇಡೀ ಪುಸ್ತಕವಾಗಿ ನೆನಪಿನಲ್ಲಿ ಕುಳಿತುಬಿಡುತ್ತವೆ. ಮತ್ತೆ ಓದಿದ ಪುಸ್ತಕವಾದರೆ ಹಳೆಯ ಟಿಪ್ಪಣಿಯನ್ನು ಹೊಸದು ಬರೆದಾದ ಮೇಲೆಯೇ ನೋಡಬೇಕು. ಮೊದಲೇ ನೋಡಿದರೆ ಹಳೆಯ ಅಭಿಪ್ರಾಯಕ್ಕೆ ಸಹಿ ಹಾಕಿ ಸುಮ್ಮನಾಗುತ್ತೇವೆ.

ಅರ್ಧಕ್ಕೆ ಕೈಬಿಟ್ಟ ಪುಸ್ತಕಗಳ ಬಗ್ಗೆ ಯಾವ ಪದ್ಧತಿಯವರೂ ಮಾತನಾಡುವುದಿಲ್ಲ. ಓದುಗನ ಅಭಿರುಚಿಯನ್ನು ಮುಗಿಸಿದ ಪುಸ್ತಕಗಳಿಗಿಂತ ಅವೇ ಎಷ್ಟೋ ಸಲ ಸ್ಪಷ್ಟವಾಗಿ ಹೇಳುತ್ತವೆ. ಅಂಥದ್ದಕ್ಕೆ ದೊಡ್ಡ ಟಿಪ್ಪಣಿ ಬೇಕಾಗಿಲ್ಲ: ನಿಲ್ಲಿಸಿದ ಪುಟದ ಸಂಖ್ಯೆ, ಆ ದಿನಾಂಕ, ನಿಲ್ಲಿಸಲು ಕಾರಣವಾದ ಒಂದು ವಾಕ್ಯ ಅಥವಾ ಒಂದು ದೃಶ್ಯ. ‘ಬೇಸರವಾಯಿತು’ ಎಂದು ಬರೆದರೆ ಸಾಲದು. ‘ಎಲ್ಲ ಪಾತ್ರಗಳೂ ಲೇಖಕರ ದನಿಯಲ್ಲೇ ಮಾತನಾಡುತ್ತವೆ’ ಎಂದೋ, ‘ಅನುವಾದದ ವಾಕ್ಯಗಳು ತೊಡರುತ್ತವೆ, ಬೇರೆ ಅನುವಾದ ಸಿಕ್ಕರೆ ನೋಡಬೇಕು’ ಎಂದೋ ಬರೆದಿಟ್ಟರೆ, ಮುಂದೊಮ್ಮೆ ಆ ಪುಸ್ತಕ ಮತ್ತೆ ಕೈಗೆ ಬಂದಾಗ ಹಿಂದೆ ನಿಲ್ಲಿಸಿದ ಪುಟದಿಂದ ಮುಂದುವರಿಸಬೇಕೋ, ಮೊದಲಿಂದ ಓದಬೇಕೋ, ಕಪಾಟಿಗೇ ಹಿಂದಿರುಗಿಸಬೇಕೋ ಎಂಬುದನ್ನು ತೀರ್ಮಾನಿಸಲು ಆ ಒಂದು ಸಾಲು ಸಾಕಾಗುತ್ತದೆ.